ಅಪ್ಪ ಅಮ್ಮ ಮೈಸೂರಿನಲ್ಲಿ, ನೀವು ಹೊರದೇಶದಲ್ಲಿ: ಹೊಸಬರಿಗೆ ಟೈಮ್ ಬ್ಯಾಂಕ್ ಪರಿಚಯ

ಹೊಸದಾಗಿ ಬಂದವರಿಗೆ ಮನೆ, ಸಿಮ್, ಬ್ಯಾಂಕ್ ಖಾತೆ ಎಲ್ಲ ಹೇಗೋ ಆಗುತ್ತೆ. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಇಬ್ಬರೇ ಇರುವ ಅಪ್ಪ ಅಮ್ಮನ ಯೋಚನೆ ಮಾತ್ರ ಬಿಡುವುದಿಲ್ಲ. ಅದಕ್ಕೇ ನಾವು ಕೆಲವು ಮನೆಯವರು ಟೈಮ್ ಬ್ಯಾಂಕ್ ಮಾಡಿಕೊಂಡಿದ್ದೇವೆ.

ಒಂದು ಗಂಟೆ ಯಾರಿಗಾದರೂ ಕೆಲಸ ಮಾಡಿಕೊಟ್ಟರೆ ನಿಮ್ಮ ಹೆಸರಿಗೆ ಒಂದು ಗಂಟೆ ಜಮಾ. ಮಂಡ್ಯ ಕಡೆಯವರಿಗೆ ಹೇಳಿಕೊಡಬೇಕಿಲ್ಲ, ನಾಟಿ ಕಾಲದ ಮುಯ್ಯಾಳಿನ ಹಾಗೇ: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆದರೆ ಯಾರಿಗೆ ದುಡಿದಿರೋ ಅವರೇ ತೀರಿಸಬೇಕೆಂದಿಲ್ಲ, ಗುಂಪಿನಲ್ಲಿ ಯಾರಾದರೂ ತೀರಿಸಬಹುದು. ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಎಂಬಾಕೆ 1973ರಲ್ಲೇ ಇಂಥದ್ದನ್ನು ಶುರು ಮಾಡಿದರು. ಆಮೇಲೆ ಜಪಾನಿನಲ್ಲಿ ಬಂದ ‘ಫುರೆಯಾಯ್ ಕಿಪ್ಪು’ ಎಂಬ ಏರ್ಪಾಡಿನಲ್ಲಿ ಒಂದೂರಲ್ಲಿ ಗಳಿಸಿದ ಗಂಟೆಯನ್ನು ಇನ್ನೊಂದೂರಿನ ಅಪ್ಪ ಅಮ್ಮನಿಗೆ ಬಿಟ್ಟುಕೊಡಬಹುದು. ನಮಗೆ ಬೇಕಿದ್ದೂ ಅದೇ ಅಲ್ವಾ? ನೀವಿಲ್ಲಿ ಹೊಸಬರನ್ನು ಏರ್‌ಪೋರ್ಟಿನಿಂದ ಕರೆತಂದರೆ, ಅಲ್ಲಿ ಯಾರೋ ನಿಮ್ಮಪ್ಪನ ಜೊತೆ ದೊಡ್ಡಾಸ್ಪತ್ರೆಗೆ ಹೋಗುತ್ತಾರೆ.

ಎಲ್ಲರ ಗಂಟೆಗೂ ಒಂದೇ ಬೆಲೆ. ಅಮೆರಿಕದ ವಕೀಲ ಎಡ್ಗರ್ ಕಾನ್ 1980ರ ದಶಕದಲ್ಲಿ ಹಾಕಿಕೊಟ್ಟ ನಿಯಮ ಇದು. ಸಾಫ್ಟ್‌ವೇರ್‌ನವರು ಕೆಲವರು ಮೊದಲು ಮುಖ ಸಿಂಡರಿಸುತ್ತಾರೆ. ಮಗುವನ್ನು ನೋಡಿಕೊಳ್ಳುವವರು ಬೇಕಾದ ದಿನ ಸರಿಹೋಗುತ್ತಾರೆ!

ನಿಮ್ಮದೇ ಗುಂಪು ಕಟ್ಟುವುದಾದರೆ ಮೈಸೂರಿನಲ್ಲಿ ನಡೆದು ಹೋಗುವಷ್ಟು ಹತ್ತಿರದ ಏಳೆಂಟು ಮನೆ ಸಾಕು. ಲೆಕ್ಕ ಒಬ್ಬರ ಕೈಯಲ್ಲಿರಲಿ, ಎಲ್ಲರಿಗೂ ಕಾಣಲಿ. ಆಟೋ, ಔಷಧಿ ಖರ್ಚು ದುಡ್ಡಿನಲ್ಲೇ ಕೊಡಿ. ಎಟಿಎಂ ಪಿನ್ ಯಾರಿಗೂ ಬೇಡ. ಕೂಪನ್ ಗೀಪನ್ ಅಚ್ಚು ಹಾಕಿಸಬೇಡಿ. ನೋಟಿನ ಥರ ಕೈಬದಲಾಗುವ ಚೀಟಿ ಹೊರಡಿಸಿದರೆ ರಿಸರ್ವ್ ಬ್ಯಾಂಕ್ ಕಾಯ್ದೆಯ ತಂಟೆ ಬರಬಹುದು. ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇಲ್ಲದವರು ಇಲ್ಲಿ ಗಂಟೆ ಗಳಿಸಬಹುದೇ ಅಂತ ಮೊದಲೇ ವಿಚಾರಿಸಿ.

ಗಂಟೆ ಗಳಿಸುವುದು ಕಷ್ಟವಲ್ಲ. ಅಪ್ಪ ಅಮ್ಮ ಅದನ್ನು ಖರ್ಚು ಮಾಡುವಂತೆ ಮಾಡುವುದೇ ಕಷ್ಟ. ನವೆಂಬರಿನಲ್ಲಿ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಪಕ್ಕದ ಬೀದಿಯ ಹುಡುಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಿಕೊಡುತ್ತಾನೆ. ಆದರೂ ನಮ್ಮಮ್ಮ, “ಸುಮ್ನೆ ಅವನಿಗ್ಯಾಕೆ ತೊಂದರೆ” ಎಂದು ಬಿಸಿಲಲ್ಲಿ ಬ್ಯಾಂಕಿಗೆ ಹೊರಡುತ್ತಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಇಲ್ಲಿನ ಮಕ್ಕಳಿಗೆ ವಿಡಿಯೋ ಕಾಲ್‌ನಲ್ಲಿ ಕನ್ನಡ ಕಾಗುಣಿತ ಹೇಳಿಕೊಡಲು ಒಪ್ಪಿಸಿದೆವು. ಅವರ ಹೆಸರಿಗೇ ಗಂಟೆ ಬೀಳತೊಡಗಿತು. ಈಗ ಆ ಹುಡುಗನಿಗೆ ತಾವೇ ಫೋನ್ ಮಾಡುತ್ತಾರೆ. ಬರುವುದು ತಡವಾದರೆ ಜೋರೂ ಮಾಡುತ್ತಾರಂತೆ.

ಹಾಗಾಗಿ ಸೇರುವ ಮುಂಚೆ ಮನೆಗೊಂದು ಫೋನ್ ಮಾಡಿ. ಹೊಲಿಗೆಯೋ, ಲೆಕ್ಕದ ಪಾಠವೋ, ಉಪ್ಪಿನಕಾಯಿಯೋ, ಅವರು ಏನೇನು ಮಾಡಿಕೊಡಬಲ್ಲರು ಎಂದು ಕೇಳಿ ಬರೆದುಕೊಂಡು ಬನ್ನಿ.