ಪುಣೆಯ ಬಾಲ್ಕನಿಯಲ್ಲಿ ಕ್ಯಾಮೆಲಿಯಾ

ಕ್ಯಾಮೆಲಿಯಾ ಎಂಬ ಹೂಗಿಡ ಬೆಳೆಸುವ ಬಗ್ಗೆ ಓದಲು ಸಿಗುವ ಸಲಹೆ ಹೆಚ್ಚಾಗಿ ಹಿಮ ಬೀಳುವ ಊರುಗಳದ್ದು. ಅಲ್ಲಿ ಪೂರ್ವದ ಗೋಡೆಯ ಬಳಿ ನೆಡಬೇಡಿ ಎನ್ನುತ್ತಾರೆ. ರಾತ್ರಿ ಹೆಪ್ಪುಗಟ್ಟಿದ ಮೊಗ್ಗಿನ ಮೇಲೆ ಎಳೆಬಿಸಿಲು ಬಿದ್ದು ತಟ್ಟನೆ ಕರಗಿದರೆ ಎಸಳು ಕಂದುತ್ತದೆ. ಪುಣೆಯಲ್ಲಿ ಈ ಮಾತನ್ನು ತಲೆಕೆಳಗು ಮಾಡಬೇಕು. ಇಲ್ಲಿ ಗಿಡಕ್ಕೆ ಕುತ್ತು ತರುವುದು ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಬಿಸಿಲು. ಹತ್ತು ಗಂಟೆಯವರೆಗೆ ಬಿಸಿಲು, ಆಮೇಲೆ ನೆರಳು ಸಿಗುವ ಪೂರ್ವದ ಬಾಲ್ಕನಿಯೇ ಒಳ್ಳೆಯದು. ಬೇಸಿಗೆಯಲ್ಲಿ ಶೇ. 50ರ ನೆರಳುಬಲೆ ಕಟ್ಟಿ.

ಕ್ಯಾಮೆಲಿಯಾದಲ್ಲಿ ಜಪೋನಿಕಾ, ಸಸಾಂಕ್ವಾ ಎಂಬ ಜಾತಿಗಳಿವೆ. ಜಪೋನಿಕಾಕ್ಕಿಂತ ಸಸಾಂಕ್ವಾ ಹೆಚ್ಚು ಬಿಸಿಲು ತಾಳುತ್ತದೆ, ಅದನ್ನೇ ಆರಿಸಿ. ಮೊಗ್ಗು ಕಟ್ಟಲು ಬೆಚ್ಚನೆಯ ದಿನಗಳು ಬೇಕು, ಅರಳಲು ತಂಪು ರಾತ್ರಿಗಳು. ಪುಣೆಯ ಚಳಿಗಾಲದಲ್ಲಿ ರಾತ್ರಿ 10–12 ಡಿಗ್ರಿಗೆ ಇಳಿಯುವುದರಿಂದ ಇಲ್ಲಿ ಹೂ ಅರಳುವ ಭರವಸೆಯಿದೆ. ಮುಂಬೈ, ಗೋವಾದ ಕರಾವಳಿಯಲ್ಲಿ ಆ ತಂಪಿಲ್ಲ. ಅಲ್ಲಿನವರು ನೀಲಗಿರಿಯ ಕೂನೂರಿನಲ್ಲಿರುವ ಸಿಮ್ಸ್ ಪಾರ್ಕ್ ಎಂಬ ಉದ್ಯಾನಕ್ಕೆ ಹೋಗಿ ಈ ಹೂ ನೋಡಿಬರುವುದೇ ಲೇಸು.

ಇದು ಚಹಾ ಗಿಡದ ಕುಲ, ಹುಳಿಮಣ್ಣೇ ಬೇಕು: ಪಿಎಚ್ 5.5ರಿಂದ 6.5. ಪುಣೆಯ ಎರೆಮಣ್ಣು ಕ್ಷಾರದ್ದು, ಅದನ್ನು ಒಂದು ಹಿಡಿಯೂ ಹಾಕಬೇಡಿ. 12 ಇಂಚಿನ ಕುಂಡಕ್ಕೆ ಚೆನ್ನಾಗಿ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಎಲೆಗೊಬ್ಬರ ಒಂದು ಪಾಲು, ಕೆಮ್ಮಣ್ಣು ಒಂದು ಪಾಲು. ಕಾಂಡದ ಬುಡ ಮಣ್ಣಿನಿಂದ ಒಂದು ಇಂಚು ಮೇಲಿರಲಿ, ಹೂತರೆ ಬೇರು ಉಸಿರುಗಟ್ಟುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಇಟ್ಟಿಗೆಯ ಮೇಲಿಡಿ, ತಟ್ಟೆ ತೆಗೆದುಬಿಡಿ. ನೀರು ನಿಂತರೆ ಬೇರು ಕೊಳೆಯುತ್ತದೆ.

ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಅದನ್ನೇ ಹಾಕುತ್ತಿದ್ದರೆ ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಹೀರಲಾಗದ ಸ್ಥಿತಿಯಿದು. ಮೊದಲು ನೀರು ಬದಲಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರು ಹಿಡಿದಿಡಿ. ಆಮೇಲೆ ಕೀಲೇಟ್ ಕಬ್ಬಿಣವನ್ನು (ಬೇರು ಹೀರಬಲ್ಲ ರೂಪದ ಕಬ್ಬಿಣದ ಗೊಬ್ಬರ) ಪೊಟ್ಟಣದ ಮೇಲಿನ ಅಳತೆಯಲ್ಲಿ ಕೊಡಿ.

ಹೆಚ್ಚಿನವರ ದೂರು ಮೊಗ್ಗು ಉದುರುವುದರ ಬಗ್ಗೆ. ಮಳೆ ನಿಂತ ಅಕ್ಟೋಬರಿನ ಸೆಕೆಯಲ್ಲಿ ಕುಂಡ ಒಮ್ಮೆ ಪೂರ್ತಿ ಒಣಗಿದರೂ ಸಾಕು, ಡಿಸೆಂಬರಿನಲ್ಲಿ ಮೊಗ್ಗು ಕಂದಿ ಕಳಚುತ್ತದೆ. ಬೆರಳನ್ನು ಒಂದು ಇಂಚು ಇಳಿಸಿ ನೋಡಿ, ಒಣಗಿದ್ದರೆ ಆಗಲೇ ನೀರು ಹಾಕಿ. ಮೊಗ್ಗು ಕಟ್ಟಿದ ಮೇಲೆ ಕುಂಡದ ಜಾಗ ಬದಲಿಸಬೇಡಿ. ದುಂಡಗಿರುವುದು ಹೂಮೊಗ್ಗು, ಸಪೂರವಾಗಿ ಚೂಪಾಗಿರುವುದು ಎಲೆಮೊಗ್ಗು. ಒಂದೇ ಕಡೆ ಮೂರು ಹೂಮೊಗ್ಗಿದ್ದರೆ ಒಂದನ್ನುಳಿಸಿ ಮಿಕ್ಕವನ್ನು ತಿರುಚಿ ತೆಗೆಯಿರಿ, ಹೂ ದೊಡ್ಡದಾಗುತ್ತದೆ. ಎಸಳು ಮುಟ್ಟಿದಲ್ಲೆಲ್ಲ ಕಂದುವುದರಿಂದ ಮಕ್ಕಳಿಗೂ ಹೇಳಿಡಿ.

ಕತ್ತರಿಸುವುದಿದ್ದರೆ ಹೂ ಮುಗಿದ ಕೂಡಲೇ ಮುಗಿಸಿ. ಮಳೆಗಾಲಕ್ಕೆ ಮುಂದೂಡಿದರೆ ಮುಂದಿನ ವರ್ಷದ ಮೊಗ್ಗೂ ಕತ್ತರಿಗೆ ಹೋಗುತ್ತದೆ.