ಯಾವ ಲೊಕೇಶನ್ ಹೇಳುತ್ತೇನೆ, ಯಾವುದನ್ನು ಹೇಳುವುದಿಲ್ಲ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಕುಬಸ, ಜವಳದ ಆರ್ಡರ್‌ಗಳಿಂದ ಮನೆ ನಡೆಯುತ್ತದೆ. ಬಿಡುವು ಸಿಕ್ಕರೆ ಕ್ಯಾಮೆರಾ ಹೆಗಲಿಗೇರಿಸಿ ಬಾದಾಮಿ ಬೆಟ್ಟಕ್ಕೋ, ಆಲಮಟ್ಟಿ ಹಿನ್ನೀರಿಗೋ, ಬೀಳಗಿ ಕಡೆಯ ಕುರುಚಲು ಬಯಲಿಗೋ ಹೋಗುತ್ತೇನೆ. ತೆಗೆದ ಫೋಟೋ ಹಾಕಿದರೆ ‘ಚಲೋ ಐತ್ರಿ’ ಅನ್ನುವುದಕ್ಕೂ ಮೊದಲು ಬರುವ ಮಾತು ‘ಅಣ್ಣಾರ, ಲೊಕೇಶನ್ ಕಳಸ್ರಿ’.

ನಮ್ಮ ಜಿಲ್ಲೆಯ ಫೋಟೋಗ್ರಾಫರ್‌ಗಳಲ್ಲಿ ಇದಕ್ಕೆ ಎರಡು ಪಂಗಡ. ‘ಬಿಸಿಲಾಗ ಅಡ್ಡ್ಯಾಡಿ ನಾ ಹುಡುಕೇನಿ, ಯಾಕ ಹೇಳ್ಲಿ?’ ಅನ್ನುವವರು ಒಂದು ಕಡೆ. ‘ಬೆಟ್ಟ ಯಾರಪ್ಪನ ಆಸ್ತಿನೂ ಅಲ್ಲ, ಎಲ್ಲಾರಿಗೂ ಹೇಳ್ರಿ’ ಅನ್ನುವವರು ಇನ್ನೊಂದು ಕಡೆ. ಎರಡೂ ಮಾತು ಫೋಟೋಗ್ರಾಫರನ ಸುತ್ತಲೇ ತಿರುಗುತ್ತವೆ. ನಾನು ಕೇಳಿಕೊಳ್ಳುವುದು ಬೇರೆ: ನಾಳೆ ಇಲ್ಲಿಗೆ ಇಪ್ಪತ್ತು ಜನ ಬಂದರೆ ಈ ಜಾಗಕ್ಕೆ ಏನಾಗುತ್ತದೆ?

ಬಾದಾಮಿಯ ಕೆಂಪು ಕಲ್ಲಿಗೆ ಏನೂ ಆಗುವುದಿಲ್ಲ. ಹಾಗಾಗಿ ಕಲ್ಲಿನ ಜಾಗಗಳ ವಿಷಯದಲ್ಲಿ ನಾನು ಏನನ್ನೂ ಬಚ್ಚಿಡುವುದಿಲ್ಲ. ಭೂತನಾಥ ಗುಡಿ ಅಗಸ್ತ್ಯತೀರ್ಥದ ಮೂಡಣ ದಂಡೆಯಲ್ಲಿದೆ. ಬೆಳಿಗ್ಗೆ ಹೋದರೆ ಸೂರ್ಯ ಗುಡಿಯ ಬೆನ್ನಿಗಿರುತ್ತಾನೆ, ಗುಡಿ ಕಪ್ಪಾಗಿ ಕಾಣುತ್ತದೆ. ಇಳಿಹೊತ್ತಿಗೆ ಕೆರೆಯ ಊರ ಕಡೆಯ ದಂಡೆಯಲ್ಲಿ ನಿಲ್ಲಬೇಕು. ಮಳೆಗಾಲ ಮುಗಿದು ಕೆರೆ ತುಂಬಿ, ಗಾಳಿ ಸುಮ್ಮನಿದ್ದ ದಿನ ಹಿಂದಿನ ಬಂಡೆಯ ಬಣ್ಣವೆಲ್ಲ ನೀರಿಗೆ ಇಳಿದಿರುತ್ತದೆ. ಅಕ್ಕ-ತಂಗಿ ಫಾಲ್ಸ್ ಬೇಕೆಂದರೆ ದಿನಾಂಕ ಗೊತ್ತು ಮಾಡಿಕೊಂಡು ಬರುವುದರಲ್ಲಿ ಅರ್ಥವಿಲ್ಲ, ಜೋರು ಮಳೆ ಬಿದ್ದ ಸುದ್ದಿ ಕೇಳಿದ ಕೂಡಲೇ ಹೊರಡಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಅದಕ್ಕೆ ಮುಂಜಾನೆಯೇ ಆಗಬೇಕು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಇಷ್ಟನ್ನೂ ಹೇಳಿದ ಮೇಲೆ ಯಾರಾದರೂ ನನಗಿಂತ ಚೆಂದದ ಫೋಟೋ ತೆಗೆದರೆ ನನಗೆ ನಿಜವಾಗಿ ಖುಷಿ. ಬೆಳಕು ಎರಡು ಸಂಜೆ ಒಂದೇ ರೀತಿ ಬೀಳುವುದಿಲ್ಲ. ನಿಂತ ಜಾಗ ಹೇಳಿದರೆ ನನ್ನ ಫೋಟೋ ಕಳೆದುಹೋಗುವುದಿಲ್ಲ.

ಕಲ್ಲಿನ ಜಾಗ ಹೇಳಲೇಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಬಾಂಬೆ ಸರ್ಕಾರ ನೇಮಿಸಿದ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ 1855ರಲ್ಲಿ ವಿಜಯಪುರ, ಬಾದಾಮಿ, ಐಹೊಳೆ ಕಡೆ ಕ್ಯಾಮೆರಾ ಹೊತ್ತು ತಿರುಗಿದ. ಅವನ ನಂತರ ಅದೇ ಕೆಲಸಕ್ಕೆ ಡಾಕ್ಟರ್ ಪಿಗೂ ಎಂಬವನು ಬಂದ. ಅವರ ಚಿತ್ರಗಳ ಕೆಳಗೆ ಊರು, ಗುಡಿ ಯಾವುದೆಂದು ಬರೆದಿಟ್ಟಿದ್ದರಿಂದಲೇ ಇವತ್ತು ನಾವು ಅದೇ ಗುಡಿಯ ಮುಂದೆ ನಿಂತು ಯಾವ ಕಂಬ ಉಳಿದಿದೆ, ಯಾವುದು ರಿಪೇರಿಯಾಗಿದೆ ಎಂದು ಹೋಲಿಸಬಹುದು. ಜಾಗದ ಹೆಸರಿಲ್ಲದಿದ್ದರೆ ಆ ಚಿತ್ರಗಳ ಅರ್ಧ ಬೆಲೆ ಹೋಗುತ್ತಿತ್ತು.

ಜೀವ ಇರುವ ಜಾಗದ ಲೆಕ್ಕ ಬೇರೆ.

ಆಲಮಟ್ಟಿ ಹಿನ್ನೀರು ಬೇಸಿಗೆಯಲ್ಲಿ ಇಳಿಯುತ್ತಾ ಹೋದಂತೆ ಮರಳು ದಿಬ್ಬಗಳು, ನಡುಗಡ್ಡೆಗಳು ಮೇಲೇಳುತ್ತವೆ. ರಾಜಹಂಸಗಳು ಬಂದರೆ ಪೇಪರಿನಲ್ಲೇ ಸುದ್ದಿಯಾಗುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ. ಆದರೆ ಅದೇ ದಿಬ್ಬಗಳ ಮೇಲೆ ರಿವರ್ ಟರ್ನ್, ಸ್ಮಾಲ್ ಪ್ರಾಟಿನ್‌ಕೋಲ್ ಹಕ್ಕಿಗಳು ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅನ್ನುವುದೇ ಇರುವುದಿಲ್ಲ, ಸಣ್ಣ ತಗ್ಗು ಅಷ್ಟೆ. ಮೊಟ್ಟೆಯ ಬಣ್ಣ ಮರಳಿನದೇ. ನೋಡಿಕೊಂಡು ನಡೆದರೂ ಕಾಲ ಕೆಳಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತು, ಆ ಮರಳಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಹಾಗಾಗಿ ಸುಡುವ ಹಗಲಿನಲ್ಲಿ ತಾಯಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ. ನಡುನಡುವೆ ನೀರಿಗೆ ಹೋಗಿ ಹೊಟ್ಟೆಯ ಗರಿಯನ್ನು ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತದೆ. ಒಬ್ಬ ಫೋಟೋಗ್ರಾಫರ್ ಹತ್ತಿರ ಹೋಗಿ ನಿಂತರೆ ಹಕ್ಕಿ ಎದ್ದು ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತದೆ. ಆ ಹಾರಾಟದ ಫೋಟೋ ಭಾರಿ ಚೆನ್ನಾಗಿ ಬರುತ್ತದೆ. ಅಷ್ಟರಲ್ಲಿ ಕೆಳಗೆ ಮೊಟ್ಟೆ ಬೇಯುತ್ತಿರುತ್ತದೆ. ಒಬ್ಬ ಹೋದ ಮೇಲೆ ಇನ್ನೊಬ್ಬ ಬಂದರೆ? ನಮ್ಮ ಹೆಜ್ಜೆಯ ಹಿಂದೆಯೇ ಬರುವ ನಾಯಿ, ಹಕ್ಕಿ ಎದ್ದದ್ದನ್ನು ನೋಡಿ ಇಳಿಯುವ ಕಾಗೆ ಬೇರೆ. ಇಂಥ ದಿಬ್ಬದ ಲೊಕೇಶನ್ ಪಿನ್ ನಾನು ಯಾರಿಗೂ ಕೊಡುವುದಿಲ್ಲ, ಹತ್ತಿರದ ಗೆಳೆಯರಿಗೂ ಇಲ್ಲ. ನಾನೂ ದಿಬ್ಬ ಹತ್ತುವುದಿಲ್ಲ. ಉದ್ದ ಲೆನ್ಸ್ ಹಾಕಿ ದಂಡೆಯಿಂದ ಸಿಕ್ಕಷ್ಟು ತೆಗೆಯುತ್ತೇನೆ.

ಕೊಂಬಿನ ಗೂಬೆಯದು ಇನ್ನೂ ಕಷ್ಟ. ಬೆಟ್ಟದ ಬಂಡೆಯ ಅಂಚಿನಲ್ಲಿ, ಕ್ವಾರಿಯ ಗೋಡೆಯಲ್ಲಿ ಅದು ಮರಿ ಮಾಡುತ್ತದೆ, ವರ್ಷ ವರ್ಷ ಅದೇ ಕಡೆಗೆ ಬರುತ್ತದೆ. ಅಂದರೆ ಇವತ್ತು ಕೊಟ್ಟ ಲೊಕೇಶನ್ ಮುಂದಿನ ವರ್ಷಕ್ಕೂ ನಡೆಯುತ್ತದೆ. ಮಾಟ-ಮಂತ್ರ, ನಿಧಿಯ ಹೆಸರಿನಲ್ಲಿ ಗೂಬೆ ಹಿಡಿದು ಮಾರುವವರು ಇದ್ದಾರೆ, ದೀಪಾವಳಿ ಹೊತ್ತಿಗೆ ಆ ಬೇಡಿಕೆ ಏರುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ, ನಿಜ. ಆದರೆ ನಾನು ಗ್ರೂಪಿಗೆ ಹಾಕಿದ ಪಿನ್ ಎಷ್ಟನೇ ಕೈಯಲ್ಲಿ ಯಾರಿಗೆ ಮುಟ್ಟುತ್ತದೆ ಎಂದು ಕಾಯ್ದೆ ಕಾಯುತ್ತಾ ಕೂರುವುದಿಲ್ಲ. ತೋಳದ ಬಿಲವೂ ಹಾಗೆಯೇ. ಕುರಿ ಕಳೆದುಕೊಂಡ ಕುರಿಗಾರನ ಸಿಟ್ಟು ನನಗೆ ಅರ್ಥವಾಗುತ್ತದೆ. ಅದೇ ಕಾರಣಕ್ಕೆ ಮರಿಗಳಿರುವ ಬಿಲದ ದಾರಿ ನನ್ನ ಫೋಟೋದಿಂದ ಹೊರಬೀಳಬಾರದು.

ಬಾಯಿ ಮುಚ್ಚಿಕೊಂಡರೆ ಸಾಲದು, ಫೋಟೋ ಕೂಡ ಮಾತಾಡುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಪ್ರತಿ ಫೈಲಿನೊಳಗೆ ಅಕ್ಷಾಂಶ-ರೇಖಾಂಶ ಕೂತಿರುತ್ತದೆ. ಕ್ಯಾಮೆರಾವನ್ನು ಫೋನಿನ ಆ್ಯಪ್‌ಗೆ ಜೋಡಿಸಿದರೆ ಅದರ ಫೈಲಿಗೂ ಸೇರಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಕ್ವಾಲಿಟಿ ಉಳಿಯಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗಲೇ ಲೊಕೇಶನ್ ತೆಗೆದುಹಾಕುವ ಆಯ್ಕೆಯನ್ನು ನಾನು ಖಾಯಂ ಆಗಿ ಒತ್ತಿಟ್ಟಿದ್ದೇನೆ. ಹಿನ್ನೆಲೆಯಲ್ಲಿ ಗಾಳಿ ಯಂತ್ರ, ಮೊಬೈಲ್ ಟವರ್, ಗುಡ್ಡದ ಮೇಲಿನ ಗುಡಿ ಇದ್ದರೆ ಊರಿನವರು ಒಂದೇ ನೋಟಕ್ಕೆ ಜಾಗ ಹೇಳಿಬಿಡುತ್ತಾರೆ. ಅದನ್ನು ಕ್ರಾಪ್ ಮಾಡುತ್ತೇನೆ. ಮರಿ ಹಾರಿಹೋದ ಮೇಲಷ್ಟೇ ಫೋಟೋ ಹಾಕುತ್ತೇನೆ, ಜಾಗ ಎಂದು ‘ಬಾಗಲಕೋಟೆ ಜಿಲ್ಲೆ’ ಅಷ್ಟೇ ಬರೆಯುತ್ತೇನೆ. ಕಂಡ ಹಕ್ಕಿ, ಜೀವಿಗಳನ್ನು ಜನ ದಾಖಲಿಸುವ ಇಬರ್ಡ್, ಐನ್ಯಾಚುರಲಿಸ್ಟ್‌ನಂಥ ತಾಣಗಳೂ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ. ವಿಜ್ಞಾನಕ್ಕೆ ದಾಖಲೆ ಸಿಗಬೇಕು, ದಾರಿ ಮಾತ್ರ ಎಲ್ಲರ ಕೈಗೆ ಹೋಗಬಾರದು.

ಹಾಗಂತ ಎಲ್ಲವನ್ನೂ ಗುಟ್ಟು ಮಾಡಿದರೆ ಉಳಿಯುತ್ತದೆ ಎಂದೂ ಅಲ್ಲ. ಖಾನಾಪುರದ ಕಡೆ ಭೀಮಗಡ ಕಾಡಿನ ಬಾರಾಪೇಡೆ ಗುಹೆಯ ಹೆಸರು ನೂರು ವರ್ಷದಿಂದ ಪುಸ್ತಕಗಳಲ್ಲಿದೆ. ರಾಟನ್ಸ್ ಫ್ರೀ-ಟೇಲ್ಡ್ ಎಂಬ ಅಪರೂಪದ ಬಾವಲಿ ಎಷ್ಟೋ ದಶಕ ಜಗತ್ತಿನಲ್ಲಿ ಅಲ್ಲೊಂದು ಕಡೆ ಮಾತ್ರ ಗೊತ್ತಿತ್ತು. 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು. ಅಲ್ಲಿಗೆ ಬೇಕಾಗಿರುವುದು ಕಾವಲು, ಗುಟ್ಟಲ್ಲ. ನನ್ನ ಬಯಲಿನ ಗೂಡಿಗೆ ಕಾವಲುಗಾರನಿಲ್ಲ. ಅಲ್ಲಿ ನಾನು ಸುಮ್ಮನಿರುವುದೇ ಕಾವಲು.

ಇನ್ನು ಹೊಲಗಳು. ಪ್ರಿ-ವೆಡ್ಡಿಂಗ್ ಶೂಟ್ ಬಂದ ಮೇಲೆ ಸೂರ್ಯಕಾಂತಿ ಹೊಲ ಎಲ್ಲಿದೆ ಎಂಬ ಪ್ರಶ್ನೆ ಜಾಸ್ತಿಯಾಗಿದೆ. ನಾನು ಮೊದಲು ಹೊಲದವರನ್ನು ಕಂಡು, ಬದುವಿನ ಮೇಲೆ ನಿಲ್ಲುತ್ತೇವೆ ಎಂದು ಮಾತು ಕೊಟ್ಟು, ಅವರು ಕೇಳಿದ ದುಡ್ಡು ಕೊಟ್ಟೇ ಕೆಲಸ ಶುರು ಮಾಡುವುದು. ಕಲಾದಗಿ ಹಾದಿಯ ಒಬ್ಬ ರೈತರು ‘ನೀವು ಬರ್ರಿ ಸರ, ಮಂದಿನ ಮಾತ್ರ ಕಳಸಬ್ಯಾಡ್ರಿ’ ಅಂದರು. ಅವರ ಹೊಲ ನನ್ನ ಬಾಯಿಂದ ಬರುವುದಿಲ್ಲ. ಇನ್ನೊಬ್ಬರು ನಂಬರ್ ಕೊಡಿ ಅಂದಿದ್ದಾರೆ, ಅವರದನ್ನು ಧಾರಾಳವಾಗಿ ಕೊಡುತ್ತೇನೆ. ಬೆಳೆ ಅವರದು, ನಿರ್ಧಾರವೂ ಅವರದು.

ಹೇಳದ ಜಾಗವನ್ನೂ ನಾನು ಬರೆದಿಡುತ್ತೇನೆ. ಈ ಅಭ್ಯಾಸ ಬಂದದ್ದು ನಮ್ಮ ಊರಿನಿಂದ. ಆಲಮಟ್ಟಿಯ ನೀರು ಸಮುದ್ರಮಟ್ಟದಿಂದ 519.6 ಮೀಟರಿಗೆ ನಿಂತಾಗ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು, ನಾವೆಲ್ಲ ನವನಗರಕ್ಕೆ ಬಂದೆವು. ಸ್ಟುಡಿಯೋಗೆ ಜನ ಹಳೇ ಫೋಟೋ ತರುತ್ತಾರೆ, ದೊಡ್ಡದು ಮಾಡಿಕೊಡಿ ಎಂದು. ಹೋಳಿಯ ಬಣ್ಣದ ಬಂಡಿ, ಬ್ಯಾರಲ್, ಹಲಗೆ ಹಿಡಿದ ಹುಡುಗರು, ಹಿಂದೆ ಒಂದು ಕಟ್ಟೆ ಮತ್ತು ಕೆತ್ತನೆಯ ಬಾಗಿಲು. ‘ಇದು ಕಿಲ್ಲಾ’ ಅಂತ ಅಜ್ಜ, ‘ಅಲ್ಲ, ವೆಂಕಟಪ್ಯಾಟಿ’ ಅಂತ ಅಜ್ಜಿ. ಹೋಗಿ ನೋಡಿ ಬರೋಣವೆಂದರೆ ಆ ಬಾಗಿಲೇ ಇಲ್ಲ. ಫೋಟೋದ ಹಿಂದೆ ಒಂದು ಸಾಲು ಬರೆದಿದ್ದರೆ ಆ ಓಣಿ ಉಳಿಯುತ್ತಿತ್ತು. ಈಗ ಅಣೆಕಟ್ಟೆಯ ಮಟ್ಟ 524.256 ಮೀಟರಿಗೆ ಏರಿಸುವ ಯೋಜನೆಯಿದೆ, ಇನ್ನಷ್ಟು ಹಳ್ಳಿ-ಹೊಲಗಳು ನೀರಿಗೆ ಹೋಗುತ್ತವೆ. ಹಿನ್ನೀರಿನ ದಂಡೆಯ ಊರುಗಳಲ್ಲಿ ನಾನು ತೆಗೆಯುವ ಪ್ರತಿ ಫೋಟೋಗೆ ಓಣಿ, ಕಟ್ಟೆ, ನಿಂತ ದಿಕ್ಕು, ತಾರೀಖು ಬರೆಯುತ್ತಿದ್ದೇನೆ, ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ. ಗೂಡಿನ ಜಾಗಗಳಿಗೆ ಬೇರೆ ವಹಿ ಇದೆ. ಅದು ನನ್ನ ಜೊತೆ ಕೆಲಸ ಕಲಿಯುವ ಹುಡುಗನಿಗೆ ಮುಂದೆ ಹೋಗುತ್ತದೆ, ಅವನು ದಂಡೆಯ ಮೇಲೆ ತಾಳ್ಮೆಯಿಂದ ಕೂರುವುದನ್ನು ನೋಡಿ ಹಾಗೆಂದು ನಿರ್ಧರಿಸಿದ್ದೇನೆ.

ನಿಮ್ಮ ಮನೆಯ ಆಲ್ಬಂನಲ್ಲಿ ಹಳೇ ಊರಿನ ಫೋಟೋ ಇದ್ದರೆ ಅಜ್ಜ-ಅಜ್ಜಿ ಇರುವಾಗಲೇ ಕೂತು ಕೇಳಿ, ಓಣಿಯ ಹೆಸರನ್ನು ಹಿಂಬದಿಗೆ ಪೆನ್ಸಿಲ್‌ನಲ್ಲಿ ಮೆತ್ತಗೆ ಬರೆಯಿರಿ. ಪೆನ್ನಿನ ಶಾಯಿ ವರ್ಷ ಕಳೆದಂತೆ ಹರಡಿ ಮುಂಬದಿಗೆ ಇಳಿಯುತ್ತದೆ.