ಮಳೆಗಾಲಕ್ಕೆ ಮುನ್ನ ಹಳೆಯ ಜಪಾನಿ ಕಾರಿಗೆ ಮನೆಯಂಗಳದಲ್ಲೇ ಆರೈಕೆ

ಮಲೆನಾಡಿನಲ್ಲಿ ಹಳೆಯ ಮಾರುತಿ 800, ಜೆನ್, ಕ್ವಾಲಿಸ್, ಹೋಂಡಾ ಸಿಟಿಗಳು ಎಂಜಿನ್ ಕೆಟ್ಟು ಗುಜರಿಗೆ ಹೋದದ್ದನ್ನು ನಾನು ಕಂಡದ್ದು ಕಡಿಮೆ. ಎಂಜಿನ್ ಇನ್ನೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗುತ್ತಿರುವಾಗಲೇ ತಳದ ತಗಡು ಹಪ್ಪಳದಂತಾಗಿ, ಚಾಲಕನ ಕಾಲಬುಡದಲ್ಲಿ ರಸ್ತೆ ಕಾಣಿಸತೊಡಗಿದ ಮೇಲೆ ಮನೆಯವರು ಗಾಡಿಯ ಆಸೆ ಬಿಡುತ್ತಾರೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಕಾರುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಒಣಗುವ ದಿನಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಆದ್ದರಿಂದ ಇಲ್ಲಿ ಎಂಜಿನ್ ಬಿಚ್ಚುವ ಮಾತಿಲ್ಲ. ನೀರು ಕಾರಿನೊಳಗೆ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವುದನ್ನು ಕೆಡಿಸುತ್ತದೆ ಎಂಬುದನ್ನು ಹಿಂಬಾಲಿಸಿಕೊಂಡು ಹೋಗಿ, ಅಲ್ಲಲ್ಲಿ ನಮ್ಮ ಕೈಯಿಂದಲೇ ಆಗುವ ಕೆಲಸವನ್ನಷ್ಟೇ ನೋಡೋಣ. ರೋಹಿಣಿ ಮಳೆ ಮುಗಿಯುವುದರೊಳಗೆ ಬಿಸಿಲಿರುವ ಎರಡು ಭಾನುವಾರಗಳು ಸಿಕ್ಕಿದರೆ ಸಾಕು.

ಮೊದಲು ಸಲಕರಣೆ

ಜಪಾನಿ ವಿನ್ಯಾಸದ ಕಾರುಗಳಲ್ಲಿ 10, 12, 14 ಮತ್ತು 17 ಮಿಲಿಮೀಟರಿನ ಪಾನಾಗಳಿದ್ದರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಯುರೋಪಿನ ಗಾಡಿಗಳಲ್ಲಿ 8 ಮಿಲಿಮೀಟರ್ ಬೋಲ್ಟಿನ ತಲೆಗೆ 13ರ ಪಾನಾ ಬೇಕಾಗುವಲ್ಲಿ ಜಪಾನಿನವರು 12ನ್ನು ಇಟ್ಟುಕೊಂಡಿದ್ದಾರೆ. ಮನೆಯಲ್ಲಿರುವ ಸೆಟ್ಟಿನಲ್ಲಿ 12 ಮತ್ತು 14 ಕಳೆದುಹೋಗಿದ್ದರೆ ಅವೆರಡನ್ನು ಬಿಡಿಯಾಗಿ ಕೊಂಡುಕೊಳ್ಳಿ. ರಿಂಗ್ ಪಾನಾವನ್ನೇ ಕೊಳ್ಳಿ, ಏಕೆಂದರೆ ತುಕ್ಕು ಹಿಡಿದ ಬೋಲ್ಟಿನ ಮೂಲೆಗಳನ್ನು ಬಾಯಿ ತೆರೆದ ಪಾನಾ ಸವೆಸಿಬಿಡುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಸ್ಕ್ರೂಗಳದ್ದು. ಹಳೆಯ ಜಪಾನಿ ಕಾರಿನ ಕಾರ್ಬ್ಯುರೇಟರಿನಲ್ಲಿಯೂ ಲೈಟುಗಳ ಸುತ್ತಲೂ ಇರುವ ಕೂಡಿಸು ಚಿಹ್ನೆಯ ಸ್ಕ್ರೂಗಳು ನಾವು ಅಂಗಡಿಯಲ್ಲಿ ಕೊಳ್ಳುವ ಫಿಲಿಪ್ಸ್ ಸ್ಕ್ರೂಗಳಂತೆ ಕಂಡರೂ ಅವುಗಳ ಅಳತೆ ಬೇರೆ, ಅದು ಜಪಾನಿನದೇ ಮಾನದಂಡ. ಕೆಲವು ಸ್ಕ್ರೂಗಳ ತಲೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಇರುತ್ತದೆ, ಅದೇ ಗುರುತು. ಸಾಮಾನ್ಯ ಸ್ಕ್ರೂಡ್ರೈವರ್ ಇದರ ತಳ ಮುಟ್ಟುವ ಮೊದಲೇ ಸಿಕ್ಕಿಕೊಂಡು, ಬಲ ಹಾಕಿದೊಡನೆ ಮೇಲಕ್ಕೆ ಜಾರಿ, ತಲೆಯನ್ನು ಬಟ್ಟಲಿನಂತೆ ಸವೆಸುತ್ತದೆ. ಜಪಾನಿ ಮಾನದಂಡದ ಡ್ರೈವರ್ ಸಿಗದಿದ್ದರೆ, ಫಿಲಿಪ್ಸ್ ಡ್ರೈವರಿನ ಮೂತಿಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ ಮೊಂಡು ಮಾಡಿಕೊಂಡರೂ ನಡೆಯುತ್ತದೆ.

ಜಾಕ್‌ನ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಮ್ಮ ಕೆಂಪು ಮಣ್ಣಿನ ಅಂಗಳದಲ್ಲಿ ಜಾಕ್ ತಾನೇ ತಾನಾಗಿ ಇಳಿಯುತ್ತದೆ, ಆದ್ದರಿಂದ ಅದರಡಿ ಎರಡಂಗುಲ ದಪ್ಪದ ಹಲಗೆ ಇರಲಿ, ನೆಲದ ಮೇಲಿರುವ ಚಕ್ರಗಳಿಗೆ ಮರದ ಗುಟ್ಟ ಕೊಡಿ, ಮತ್ತು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಗಾಡಿಯನ್ನು ಕೂರಿಸದೆ ತಲೆಯನ್ನಾಗಲಿ ಕೈಯನ್ನಾಗಲಿ ಕೆಳಗೆ ಹಾಕಬೇಡಿ. ಬಾಗಿಲುಗಳ ಕೆಳಗಿನ ರನ್ನಿಂಗ್ ಬೋರ್ಡಿನ ಅಂಚು ತುಕ್ಕಾಗಿದ್ದರೆ ಜಾಕ್ ತಗಡನ್ನೇ ತೂರಿಕೊಂಡು ಮೇಲೆ ಹೋಗುವುದುಂಟು. ಹಾಗೆ ಕರಕರ ಸದ್ದು ಕೇಳಿದೊಡನೆ ಇಳಿಸಿಬಿಡಿ.

ನೀರು ನಿಲ್ಲುವ ಜಾಗಗಳು

ಕಾರಿನ ಬಾಗಿಲೊಳಗೆ ನೀರು ಹೋಗಬಾರದೆಂದು ಎಲ್ಲರೂ ತಿಳಿದಿರುತ್ತಾರೆ. ವಾಸ್ತವದಲ್ಲಿ ಹೋಗಿಯೇ ಹೋಗುತ್ತದೆ. ಗಾಜಿನ ಹೊರಗಡೆಯ ರಬ್ಬರ್ ಬೀಡಿಂಗ್ ದಾಟಿದ ನೀರು ಬಾಗಿಲಿನ ಒಳಮೈಯಲ್ಲಿ ಇಳಿದು, ತಳದಂಚಿನಲ್ಲಿರುವ ಎರಡು ಮೂರು ಕಿಂಡಿಗಳಿಂದ ಹೊರಬೀಳಲಿ ಎಂದೇ ತಯಾರಕರು ಬಾಗಿಲನ್ನು ಮಾಡಿರುತ್ತಾರೆ. ಕೆಂಪು ಧೂಳು, ಮರದ ಹೂವು, ಸೊಳ್ಳೆ ರೆಕ್ಕೆ ಎಲ್ಲ ಸೇರಿ ಆ ಕಿಂಡಿಗಳನ್ನು ಅರಗಿನಂತೆ ಮುಚ್ಚಿದಾಗ ಬಾಗಿಲು ಒಳಗಿನಿಂದ ತುಂಬಿದ ಮರಿಗೆಯಾಗುತ್ತದೆ. ಬಾಗಿಲು ತೆರೆಯುವಾಗ ಗುಳುಗುಳು ಸದ್ದು ಬಂದರೆ ತುಕ್ಕು ಆಗಲೇ ಕೆಲಸ ಆರಂಭಿಸಿದೆಯೆಂದು ತಿಳಿಯಿರಿ.

ಬಾಗಿಲನ್ನು ಅಗಲ ತೆರೆದು, ತಳದಂಚನ್ನು ಬೆರಳಿನಿಂದ ತಡವಿ ಕಿಂಡಿಗಳನ್ನು ಹುಡುಕಿ. ಸ್ಕ್ರೂಡ್ರೈವರ್ ತುರುಕಿದರೆ ಇರುವ ಬಣ್ಣವೂ ಕಿತ್ತುಹೋಗುತ್ತದೆ; ಹಿಡಿಸೂಡಿಯ ತೆಂಗಿನ ಕಡ್ಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕೆಸರು ಬಿದ್ದ ಮೇಲೆ ಗಾಜನ್ನು ಪೂರ್ತಿ ಏರಿಸಿ, ಹೊರಗಡೆಯಿಂದ ಗಾಜಿನ ಮೇಲೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿಯಿರಿ. ಚೊಂಬು ಖಾಲಿಯಾಗುವುದರೊಳಗೆ ತಳದಿಂದ ನೀರು ತೊಟ್ಟಿಕ್ಕಬೇಕು. ನಮ್ಮ 1998ರ ಮಾರುತಿ 800ರ ಎಡ ಬಾಗಿಲಿನಿಂದ ಮೊದಲ ಸಲ ಹೀಗೆ ಮಾಡಿದಾಗ ನೀರಿನ ಬದಲು ಅಡಿಕೆ ಚೊಗರಿನ ಬಣ್ಣದ ಗಸಿ ಒಂದು ಲೋಟದಷ್ಟು ಇಳಿದಿತ್ತು.

ಅದಕ್ಕೆ ಕಾರಣ ನಾನೇ ಹಣ ಕೊಟ್ಟು ಮಾಡಿಸಿದ ಕೆಲಸ ಎಂಬುದು ಆಮೇಲೆ ತಿಳಿಯಿತು. ಪೇಟೆಯ ಗ್ಯಾರೇಜೊಂದರಲ್ಲಿ ತಳಕ್ಕೆ ಕಪ್ಪು ಕೋಟಿಂಗ್ ಹೊಡೆಸಿದಾಗ ಕೆಲಸದ ಹುಡುಗರು ಬಾಗಿಲಿನ ಕಿಂಡಿಗಳನ್ನೂ ಬಿಡದೆ ಬಳಿದಿದ್ದರು. ಕೋಟಿಂಗ್ ಹೊಡೆಸುವವರು ಮೊದಲು ಆ ಕಿಂಡಿಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಆಮೇಲೆ ಕಿತ್ತುಹಾಕುವುದು ಒಳ್ಳೆಯದು.

ಬಾಗಿಲುಗಳ ನಂತರ ಬಾನೆಟ್ ಎತ್ತಿ, ವೈಪರ್‌ಗಳ ಕೆಳಗಿರುವ ಜಾಲರಿಯ ಸುತ್ತ ಕೂತ ಎಲೆಗಳನ್ನು ಕೈಯಿಂದ ಬಾಚಿ ತೆಗೆಯಿರಿ. ಹಲಸಿನ ಮರದ ಕೆಳಗೆ ನಿಲ್ಲುವ ಗಾಡಿಗಳಲ್ಲಿ ಇಲ್ಲಿ ಗೊಬ್ಬರವೇ ಆಗಿರುತ್ತದೆ. ಇಲ್ಲಿ ಕಟ್ಟಿದ ನೀರು ಗಾಳಿ ಒಳಬರುವ ದಾರಿಯಲ್ಲಿ ಇಳಿದು ಮುಂದಿನ ಸೀಟಿನ ಕಾರ್ಪೆಟ್ ನೆನೆಸುತ್ತದೆ, ಮತ್ತು ಎಷ್ಟೋ ಜನ ಅದನ್ನು ಗಾಜಿನ ರಬ್ಬರಿನ ಸೋರಿಕೆಯೆಂದು ಭಾವಿಸಿ ರಬ್ಬರ್ ಬದಲಿಸುತ್ತಾರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ಒರೆಸಿ ನೋಡಿ.

ತುಕ್ಕಿಗೆ ಮದ್ದು

ಸೀಟು ಬಿಚ್ಚಿ ಕಾರ್ಪೆಟ್ ಎತ್ತದೆ ತಳ ನೋಡಿದ್ದೇನೆ ಎನ್ನುವುದು ಮಡಕೆಯ ಮುಚ್ಚಳ ನೋಡಿ ಅನ್ನ ಬೆಂದಿದೆ ಎಂದಂತೆ. ಕಾರ್ಪೆಟ್ ತೆಗೆದು ಎರಡು ದಿನ ಬಿಸಿಲಿಗೆ ಹಾಕಿ. ತೆರೆದುಕೊಂಡ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತ ಹೋದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಮಂಕಾಗಿ ಸದ್ದು ಮಾಡುತ್ತದೆ. ಬೆರಳು ತೂರುವಷ್ಟು ತೂತಾಗಿದ್ದರೆ ಅದು ಟಿಂಕರಿಂಗ್ ಮಾಡುವವರ ಕೆಲಸ. ಹಳೆಯ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕೇ ಹೊರತು ಪುಟ್ಟಿ ತುಂಬಿ ಮುಚ್ಚಬಾರದು. ರನ್ನಿಂಗ್ ಬೋರ್ಡ್ ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳ ಹತ್ತಿರದ ತುಕ್ಕಿಗಂತೂ ಮನೆಮದ್ದು ಬೇಡವೇ ಬೇಡ.

ಮೇಲ್ಮೈಯ ತುಕ್ಕನ್ನು ನಾವೇ ನಿಭಾಯಿಸಬಹುದು. ವೈರ್ ಬ್ರಷ್, ಅನಂತರ ಒರಟು ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಗುಳಿಗಳಲ್ಲಿ ಉಳಿದ ಕಪ್ಪಿಗೆ ಫಾಸ್ಪಾರಿಕ್ ಆಮ್ಲದ ಆಧಾರದ ರಸ್ಟ್ ಕನ್ವರ್ಟರನ್ನು ಬ್ರಷ್ಷಿನಿಂದ ಹಚ್ಚಬೇಕು. ಕೈಗವಸು ಮತ್ತು ಕನ್ನಡಕ ಮರೆಯಬೇಡಿ. ಅದು ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿದ ಮೇಲೆ ಪ್ರೈಮರ್ ಎರಡು ಕೈ, ಬಣ್ಣ ಎರಡು ಕೈ, ಕೊನೆಯಲ್ಲಿ ತಳದ ಹೊರಮೈಗೆ ಕೋಟಿಂಗ್. ಬೆಳಗಿನ ಇಬ್ಬನಿ ಪೂರ್ತಿ ಆರಿ, ಸಂಜೆಯ ಗುಡುಗು ಶುರುವಾಗುವ ಮೊದಲಿನ ನಾಲ್ಕೈದು ತಾಸುಗಳಲ್ಲಿ ಈ ಕೆಲಸ ಮುಗಿಯಬೇಕು, ಏಕೆಂದರೆ ಬಣ್ಣದಡಿ ಸಿಕ್ಕಿಕೊಂಡ ತೇವ ಬಣ್ಣವಿಲ್ಲದ ತಗಡಿಗಿಂತ ಬೇಗ ತಗಡನ್ನು ತಿನ್ನುತ್ತದೆ.

ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲಿಗೆ ಡೀಸೆಲ್ ಬೆರೆಸಿ ತಳಕ್ಕೆ ಹೊಡೆಯುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ತುಕ್ಕನ್ನು ಸ್ವಲ್ಪ ತಡೆಯುತ್ತದೆಂಬುದು ನಿಜ, ಆದರೆ ಅದೇ ಎಣ್ಣೆ ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಮತ್ತು ಅಡಿಕೆ ಒಣಗಿಸುವ ಅಂಗಳದಲ್ಲಿ ತೊಟ್ಟಿಕ್ಕುತ್ತದೆ. ನಾನು ಒಪ್ಪುವುದಿಲ್ಲ.

ಘಾಟಿ ಇಳಿಯುವ ಬ್ರೇಕ್

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ನೂರಕ್ಕೆ ನಾಲ್ಕು ಪಾಲಿಗೆ ತುಸು ಕಡಿಮೆ ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಸೋಮೇಶ್ವರದತ್ತ ಕಾಲನ್ನು ಬ್ರೇಕಿನ ಮೇಲೇ ಇಟ್ಟು ಇಳಿದರೆ ಆ ನೀರು ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಬಹುದು, ಆದರೆ ಅದು ಚಕ್ರವನ್ನು ಹಿಡಿಯುವುದಿಲ್ಲ, ಪೆಡಲ್ ಸೀದಾ ತಳ ಮುಟ್ಟುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಮಲೆನಾಡಿನಲ್ಲಿ ಐಚ್ಛಿಕವಲ್ಲ. ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುವುದು ಕಾಫಿ ಡಿಕಾಕ್ಷನ್ನಿನಂತೆ ಕಂಡರೆ ಎರಡು ವರ್ಷವಾಗುವವರೆಗೂ ಕಾಯಬೇಡಿ.

ಇದಕ್ಕೆ ಇಬ್ಬರು ಬೇಕು. ಹಿಂದಿನ ದಿನವೇ ನಾಲ್ಕೂ ಚಕ್ರಗಳ ಬ್ಲೀಡಿಂಗ್ ನಿಪ್ಪಲ್ಲುಗಳ, ಅಂದರೆ ಆಯಿಲ್ ಮತ್ತು ಗಾಳಿಯನ್ನು ಹೊರಬಿಡುವ ಸಣ್ಣ ತಿರುಪುಗಳ, ಮೇಲಿನ ಮಣ್ಣು ತೆಗೆದು, ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟಿರಬೇಕು. ಹಠ ಮಾಡುವ ನಿಪ್ಪಲ್ಲನ್ನು ಬಲದಿಂದ ಮುರಿದರೆ ಆ ಚಕ್ರದ ಬ್ರೇಕ್ ಸಿಲಿಂಡರನ್ನೇ ಬದಲಿಸಬೇಕಾಗುತ್ತದೆ. ಡಬ್ಬಿಯಲ್ಲಿನ ಹಳೆಯ ಆಯಿಲನ್ನು ಸಿರಿಂಜಿನಿಂದ ತೆಗೆದು, ಆಗಷ್ಟೇ ಸೀಲ್ ಒಡೆದ ಹೊಸ ಡಬ್ಬಿಯಿಂದ ತುಂಬಿಸಿ. ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿರದಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡಚಕ್ರದಿಂದ, ಆರಂಭಿಸಿ. ನಿಪ್ಪಲ್ಲಿಗೆ ರಿಂಗ್ ಪಾನಾ ಕೂರಿಸಿ, ಅದರ ಮೇಲೆ ಪಾರದರ್ಶಕ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಿ. ಸೀಟಿನಲ್ಲಿ ಕೂತವರಿಗೆ ‘ಒತ್ತಿ’ ಎಂದಾಗ ಅವರು ಪೆಡಲ್ ಒತ್ತಿ ಹಿಡಿಯಬೇಕು, ನೀವು ಕಾಲು ಸುತ್ತು ಸಡಿಲಿಸಿ ಆಯಿಲ್ ಹರಿದ ಮೇಲೆ ಬಿಗಿದು, ಆನಂತರವೇ ‘ಬಿಡಿ’ ಎನ್ನಬೇಕು. ಮಾತು ಹಿಂದುಮುಂದಾದರೆ ಗಾಳಿ ಒಳಗೆ ಹೋಗುತ್ತದೆ. ಗುಳ್ಳೆ ನಿಂತು ತಿಳಿಬಣ್ಣದ ಆಯಿಲ್ ಬರುವವರೆಗೆ ಹೀಗೆಯೇ. ನಾಲ್ಕೈದು ಒತ್ತಿಗೊಮ್ಮೆ ಡಬ್ಬಿ ತುಂಬಿಸುವುದನ್ನು ಮರೆತರೆ ಮೊದಲಿನಿಂದ ಶುರು ಮಾಡಬೇಕು.

ಹಳೆಯ ಗಾಡಿಗಳಿಗೆ ಮಾತ್ರ ಅನ್ವಯಿಸುವ ಎಚ್ಚರಿಕೆಯೊಂದಿದೆ. ಪೆಡಲನ್ನು ತಳದವರೆಗೆ ತುಳಿಯಬಾರದು, ಏಕೆಂದರೆ ಮಾಸ್ಟರ್ ಸಿಲಿಂಡರಿನ ಆ ಕೊನೆಯ ಭಾಗಕ್ಕೆ ವರ್ಷಗಟ್ಟಲೆ ಒಳಗಿನ ರಬ್ಬರ್ ಸೀಲ್ ತಾಗಿರುವುದಿಲ್ಲ, ಅಲ್ಲಿ ಕೂತ ತುಕ್ಕು ಸೀಲಿನ ಅಂಚನ್ನು ಹರಿಯುತ್ತದೆ. ಪೆಡಲಿನಡಿ ಒಂದು ಮರದ ತುಂಡು ಇಡಿ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಎಲ್ಲ ಮುಗಿದು, ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಅಂಗಳದಲ್ಲೇ ಪರೀಕ್ಷಿಸದೆ ರಸ್ತೆಗಿಳಿಯಬೇಡಿ.

ಹಿಂಚಕ್ರದ ಬ್ರೇಕ್ ಡ್ರಮ್ ತೆಗೆಯಬೇಕಾದಾಗ ಕ್ವಾಲಿಸ್, ಸಿಟಿ ಮುಂತಾದ ಗಾಡಿಗಳಲ್ಲಿ ಸುತ್ತಿಗೆ ಬೇಡ. ಡ್ರಮ್ಮಿನ ಮುಖದ ಮೇಲೆ ತಿರುಪಿನ ಗೆರೆಗಳುಳ್ಳ (ಥ್ರೆಡ್ ಇರುವ) ಎರಡು ಖಾಲಿ ತೂತುಗಳಿರುತ್ತವೆ. ಅವಕ್ಕೆ ಎರಡು 8 ಮಿಲಿಮೀಟರ್ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ಬಿಗಿಯುತ್ತ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ. ಮಾರುತಿ 800ರಲ್ಲಿ ಡ್ರಮ್ಮಿನೊಂದಿಗೇ ಬೇರಿಂಗ್ ಇರುವುದರಿಂದ ಅದನ್ನು ಮೆಕ್ಯಾನಿಕ್‌ಗೆ ಬಿಡಿ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಮಳೆಯ ಬೆಳಿಗ್ಗೆ ಹೊತ್ತಿಕೊಳ್ಳದ ಎಂಜಿನ್

ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಈ ತೊಂದರೆಯ ಮೂಲ ಹೆಚ್ಚಾಗಿ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ಪ್ಲಗ್ ವೈರುಗಳು. ರಾತ್ರಿ ಕತ್ತಲಲ್ಲಿ ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ, ದೂರದಿಂದಲೇ ವೈರುಗಳ ಮೇಲೆ ನೀರಿನ ಹನಿ ಚಿಮುಕಿಸುವ ಬಾಟಲಿಯಿಂದ ತುಸು ಮಂಜಿನಂತೆ ಹೊಡೆದು ನೋಡಿ: ಸೋರುವ ವೈರಿನ ಮೇಲೆ ನೀಲಿ ಕಿಡಿ ಹರಿದಾಡುವುದು ಕಾಣಿಸುತ್ತದೆ. ಅದರಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಮುಟ್ಟುವ ಕುತೂಹಲ ಬೇಡ. ಎಂಜಿನ್ ನಿಲ್ಲಿಸಿ ಮುಚ್ಚಳ ತೆಗೆದು, ಒಳಗಡೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆಯಿದ್ದರೆ ಮುಚ್ಚಳ ಬದಲಿಸಿ. ಮಾರುತಿ 800ರಲ್ಲಿ ಮೂರೇ ಸಿಲಿಂಡರ್ ಇರುವುದರಿಂದ ಕೆಲಸ ಸುಲಭ. ಆದರೂ ವೈರುಗಳನ್ನು ಒಂದೊಂದಾಗಿಯೇ ಬದಲಿಸಿ, ಎಲ್ಲವನ್ನೂ ಒಮ್ಮೆಗೆ ಕಿತ್ತರೆ ಕ್ರಮ ತಪ್ಪುತ್ತದೆ. 2003ರಲ್ಲಿ ಬಂದ ಹೋಂಡಾ ಸಿಟಿಯ ನಾಲ್ಕು ಸಿಲಿಂಡರುಗಳಿಗೆ ಎಂಟು ಪ್ಲಗ್‌ಗಳಿವೆ. ಮೆಕ್ಯಾನಿಕ್ ಕೈಗೆ ಸಿಗುವ ನಾಲ್ಕನ್ನು ಮಾತ್ರ ಬದಲಿಸಿ ಬಿಲ್ ಕೊಟ್ಟರೆ ಉಳಿದ ನಾಲ್ಕನ್ನೂ ಕೇಳಿ ಬದಲಿಸಿಕೊಳ್ಳಿ.

ಬ್ಯಾಟರಿ ಬದಲಿಸುವಾಗ 38ಬಿ20ಎಲ್ ಎಂಬಂಥ ಜಪಾನಿ ಸಂಕೇತದ ಕೊನೆಯ ಅಕ್ಷರವನ್ನು ತಪ್ಪದೆ ನೋಡಿ. 20 ಎಂಬುದು ಸೆಂಟಿಮೀಟರಿನಲ್ಲಿ ಸುಮಾರು ಉದ್ದ, ಎಲ್ ಅಥವಾ ಆರ್ ಎಂಬುದು ಟರ್ಮಿನಲ್ಲುಗಳ ದಿಕ್ಕು. ದಿಕ್ಕು ತಪ್ಪಿದರೆ ಕೇಬಲ್ ಎಟಕುವುದಿಲ್ಲ.

ಮಳೆ ಹಿಡಿದ ಮೇಲೆ

ವಾರಗಟ್ಟಲೆ ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಬೇಡಿ, ಹಿಂದಿನ ಲೈನರ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಗುಟ್ಟ ಕೊಟ್ಟರೆ ಸಾಕು. ದಿನವೂ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವವರು ಗಾಡಿಗೆ ಉಪಕಾರ ಮಾಡಿದೆವೆಂದುಕೊಂಡಿರುತ್ತಾರೆ, ಆದರೆ ಪೆಟ್ರೋಲ್ ಉರಿದಾಗ ಹುಟ್ಟುವ ನೀರು ಅಷ್ಟರಲ್ಲಿ ಆವಿಯಾಗದೆ ಸೈಲೆನ್ಸರಿನಲ್ಲೇ ನಿಂತು ಅದನ್ನು ಒಳಗಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿಕೊಂಡು ಬನ್ನಿ. ಸೈಲೆನ್ಸರಿನ ತಳದಲ್ಲಿ ಜೋಳದ ಕಾಳಿನಷ್ಟು ಸಣ್ಣ ತೂತು ಕಂಡು ಅಲ್ಲಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದನ್ನು ವೆಲ್ಡ್ ಮಾಡಿಸಿ ಮುಚ್ಚಿಸಬೇಡಿ. ಬಾಗಿಲಿನ ಕಿಂಡಿಯಂತೆ ಅದನ್ನೂ ನೀರು ಹೋಗಲೆಂದೇ ಕೊರೆದಿರುತ್ತಾರೆ.